ತಿರುಗಿಸಿದ ಹನ್ನೊಂದು ಮೊಟ್ಟೆ

ಮಾರ್ಚ್ ೩, ಸೋಮವಾರ

ದೇವರ ದಯೆ, ಕೆಲಸ ಸಿಕ್ಕಿತು. ಕೆರೆಯ ಆಚೆ ದಡದ ಆಮೆ ಆಸ್ಪತ್ರೆಯಲ್ಲಿ ಗುಡಿಸಿ ಒರೆಸುವ ಕೆಲಸ. ಇಪ್ಪತ್ತೆರಡು ವರ್ಷ ಕೋಳಿ ಸಾಕಿದವಳು ನಾನು. ಹೋದ ಚಳಿಗಾಲದಲ್ಲಿ ರೋಗ ಬಂದು ಒಂದೇ ವಾರದಲ್ಲಿ ಗೂಡು ಖಾಲಿಯಾಯಿತು. ಆಮೇಲೆ ಸುಮ್ಮನೆ ಕೂತು ಕೂತು ಈ ಕೈಗಳು ನನ್ನವೇ ಅಲ್ಲವೇನೋ ಅನ್ನಿಸಿಬಿಟ್ಟಿತ್ತು.

"ಆಮೆಗೂ ಆಸ್ಪತ್ರೆಯಾ?" ಎಂದರು ನಮ್ಮವರು, ಹೊಲಿಗೆ ಮಷೀನಿನಿಂದ ತಲೆಯೆತ್ತದೆ. ಅವರ ಅಕ್ಕ, ನಮ್ಮ ಜೊತೆಯಲ್ಲೇ ಇರುವ ಅತ್ತಿಗೆ, "ಒಳ್ಳೇದಾಯ್ತು ಬಿಡು. ಇವಳ ನಡಿಗೆಗೂ ಅವುಗಳ ನಡಿಗೆಗೂ ಜೋಡಿ ಸರಿಯಾಗಿದೆ" ಎಂದರು. ನಕ್ಕು ಸುಮ್ಮನಾದೆ. ಸುಮ್ಮನಾಗುವುದು ನನಗೆ ಅಭ್ಯಾಸ.

ಡಾಕ್ಟರಮ್ಮನಿಗೆ ನನ್ನ ದೊಡ್ಡ ಮಗಳ ವಯಸ್ಸು. ಕುರ್ಚಿ ತೋರಿಸಿ ಕೂತ್ಕೊಳ್ಳಿ ಎಂದಳು. ನಾನು ಬಾಗಿಲ ಹತ್ತಿರ ನಿಂತೇ ಇದ್ದೆ. "ಓದು ಬರಹ ಬರುತ್ತಲ್ವಾ ಅಮ್ಮ?" ಎಂದಳು. ಏಳನೇ ಕ್ಲಾಸು ಎಂದೆ. ದಿನಾ ಬೆಳಿಗ್ಗೆ ಕೋಣೆಯ ಬಿಸಿ ಎಷ್ಟಿದೆ ಎಂದು ಬರೆದಿಡಲು ಒಂದು ಪುಸ್ತಕ ಕೊಟ್ಟಳು. ಅದರಲ್ಲಿ ಮನಸ್ಸಿನದು ಬರೆಯುವ ಹಾಗಿಲ್ಲ. ಬರುವಾಗ ದಾರಿಯಲ್ಲಿ ಈ ಡೈರಿಯೊಂದು ಕೊಂಡುಕೊಂಡೆ.

ಮೊದಲ ದಿನವೇ ಬೈಸಿಕೊಂಡೆ. ತೊಟ್ಟಿಯಲ್ಲಿ ಒಂದು ದೊಡ್ಡ ಆಮೆ, ಬೆನ್ನ ಮೇಲೆಲ್ಲ ಪಾಚಿ. ಪಾತ್ರೆ ತಿಕ್ಕುವ ಹಾಗೆ ತಿಕ್ಕಿದೆ. ಡಾಕ್ಟರಮ್ಮ ಓಡಿಬಂದಳು. "ಅಮ್ಮಾ, ಮೆಲ್ಲಗೆ! ಅವಳಿಗೆ ನೋವಾಗುತ್ತೆ!" ಚಿಪ್ಪೆಂದರೆ ಆಮೆಯ ಮನೆ, ಬೇಕೆಂದಾಗ ಹೊರಗೆ ಬರುತ್ತದೆ ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಹಾಗಲ್ಲವಂತೆ. ಅವಳ ಬೆನ್ನುಮೂಳೆ, ಪಕ್ಕೆಲುಬು ಎಲ್ಲ ಕೂಡಿಕೊಂಡೇ ಚಿಪ್ಪಾಗಿದೆಯಂತೆ. ಬೆರಳಿಂದ ಮುಟ್ಟಿದರೂ ಗೊತ್ತಾಗುತ್ತದಂತೆ. ಒಬ್ಬಳ ಬೆನ್ನುಮೂಳೆಯನ್ನು ನಾರು ಹಾಕಿ ಉಜ್ಜಿದ್ದೆ ನಾನು. ಡಾಕ್ಟರಮ್ಮ ಅತ್ತ ಹೋದ ಮೇಲೆ ಅವಳಿಗೆ ಕೈಮುಗಿದು, ತಪ್ಪಾಯ್ತು ತಾಯಿ ಎಂದೆ.

ಮೊಟ್ಟೆಯಿಡಲು ದಡ ಹತ್ತಿ ರಸ್ತೆ ದಾಟುವಾಗ ಲಾರಿ ತಗುಲಿ ಅವಳ ಚಿಪ್ಪು ಸೀಳಿಹೋಗಿತ್ತಂತೆ. ಡಾಕ್ಟರಮ್ಮ ತಂತಿ ಕಟ್ಟಿ, ಅಂಟು ಹಾಕಿ ಕೂಡಿಸಿದ್ದಾಳೆ. ಆಸ್ಪತ್ರೆಯಲ್ಲಿ ಅವಳಿಗೆ ಹದಿನೇಳು ಎಂದು ನಂಬರು. ನನಗಿಂತ ಹಿರಿಯಳೂ ಇರಬಹುದಂತೆ. ನಾನು ದೊಡ್ಡಮ್ಮ ಎಂದೇ ಕರೆಯುತ್ತೇನೆ.

ಮಾರ್ಚ್ ೪, ಮಂಗಳವಾರ

ದೊಡ್ಡಮ್ಮ ಮೊಟ್ಟೆಯಿಟ್ಟಳು! ಸಂಜೆ ನಾಲ್ಕು ಗಂಟೆಗೆ, ತೊಟ್ಟಿಯ ಪಕ್ಕದ ಮರಳಿನಲ್ಲಿ. ಇಪ್ಪತ್ತೆರಡು. ಡಾಕ್ಟರಮ್ಮ ಬಾಯಿಗೆ ಕೈ ಅಡ್ಡ ಹಿಡಿದು ಕುಣಿದಳು. ಈ ಜಾತಿಯ ಗಂಡು ಕೆರೆಯಲ್ಲಿ ಕಂಡು ಮೂರು ವರ್ಷವಾಯಿತಂತೆ. ಇವು ಉಳಿದರೆ ಜಾತಿ ಉಳಿಯಿತು, ಇಲ್ಲದಿದ್ದರೆ ಮುಗಿಯಿತು.

ಗಂಡೇ ಇಲ್ಲದೆ ಹೇಗೆ ಎಂದು ಕೇಳಲು ನಾಚಿಕೆ. ಕೇಳಿಯೂ ಬಿಟ್ಟೆ. "ಬೀಜ ಒಳಗೇ ಜೋಪಾನ ಮಾಡಿ ಇಟ್ಕೊಂಡಿರ್ತಾಳಮ್ಮ. ವರ್ಷಗಟ್ಟಲೆ. ಬೇಕಾದಾಗ ತೆಗೆದು ಬಳಸ್ತಾಳೆ" ಎಂದಳು. ದೇವರೇ, ನಿನ್ನ ಕೆಲಸ ನಿನಗೇ ಸರಿ.

ಒಂದು ಮಾತ್ರ ನನಗೆ ಹಿಡಿಸಲಿಲ್ಲ. ದೊಡ್ಡಮ್ಮ ಹಿಂಗಾಲಿನಿಂದ ಮರಳು ಮುಚ್ಚಿದವಳು ತಿರುಗಿ ಕೂಡ ನೋಡದೆ ನೀರಿಗೆ ಹೋದಳು. ಆಮೆಗಳೆಲ್ಲ ಹಾಗೇ ಅಂತೆ. "ಹಂಗಾದ್ರೆ ನೋಡ್ಕೊಳ್ಳೋರು ಯಾರು?" ಎಂದೆ. "ಬಿಸಿಲು, ಮರಳು. ಇಲ್ಲಿ ನಾವು" ಎಂದಳು. ಒದ್ದೆ ಮರಳು ತುಂಬಿದ ಡಬ್ಬಿಯಲ್ಲಿ ಸಾಲಾಗಿ ಹೂತು, ಮೇಲ್ಭಾಗ ಮಾತ್ರ ಕಾಣುವ ಹಾಗೆ ಕಾವು ಪೆಟ್ಟಿಗೆಯಲ್ಲಿಟ್ಟಳು. ಆ 'ನಾವು' ಮನೆಯ ತನಕ ನನ್ನ ಜೊತೆ ಬಂತು.

ಮಾರ್ಚ್ ೫, ಬುಧವಾರ

ಬೆಳಿಗ್ಗೆ ಎಂಟಕ್ಕೆಲ್ಲ ಹೋಗಿ ಒಂದು ಒಳ್ಳೆಯ ಕೆಲಸ ಮಾಡಿದೆ. ಕಾವಿಗಿಟ್ಟ ಮೊಟ್ಟೆಯನ್ನು ದಿನಾ ತಿರುಗಿಸಬೇಕು. ಇಲ್ಲದಿದ್ದರೆ ಒಳಗಿನ ಮರಿ ಒಂದೇ ಕಡೆ ಅಂಟಿ ಸಾಯುತ್ತದೆ. ಕೋಳಿಗಾದರೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ, ಕೊಕ್ಕಿನಿಂದ ತಾನೇ ಹೊರಳಿಸುತ್ತದೆ. ಡಾಕ್ಟರಮ್ಮ ಓದಿದವಳು, ಪಾಪ, ಮೊಟ್ಟೆಯ ವಿಷಯ ಮರೆತಿದ್ದಾಳೆ. ನಮ್ಮ ಕ್ರಮದಂತೆ ಮೇಲ್ಭಾಗಕ್ಕೆ ಪೆನ್ಸಿಲಿನಲ್ಲಿ ಸಣ್ಣ ಅಡ್ಡಗೆರೆ ಹಾಕಿ, ಗೆರೆ ಕೆಳಗೆ ಬರುವಂತೆ ಹೊರಳಿಸಿದೆ. ಹನ್ನೊಂದು ಮುಗಿಯುವಷ್ಟರಲ್ಲಿ ತೊಟ್ಟಿಯ ನೀರು ಕಟ್ಟಿಕೊಂಡಿತೆಂದು ಕರೆ ಬಂತು. ಉಳಿದದ್ದು ನಾಳೆ.

ಯಾರಿಗೂ ಹೇಳಲಿಲ್ಲ. ಒಳ್ಳೆಯದನ್ನು ಹೇಳಿಕೊಂಡು ಮಾಡಬಾರದು.

ಮಾರ್ಚ್ ೬, ಗುರುವಾರ

ಡಾಕ್ಟರಮ್ಮ ದಿನವಿಡೀ ಕಾವು ಕೋಣೆಯಲ್ಲೇ ಕೂತಿದ್ದಳು. ಉಳಿದ ಹನ್ನೊಂದನ್ನು ತಿರುಗಿಸಲಾಗಲಿಲ್ಲ. ಮನಸ್ಸಿಗೆ ಸಮಾಧಾನವಿಲ್ಲ.

ಮಾರ್ಚ್ ೭, ಶುಕ್ರವಾರ

ಕಾಲೇಜಿನ ಗುಂಪೊಂದು ನೋಡಲು ಬಂದಿತ್ತು. ಡಾಕ್ಟರಮ್ಮ ಅವರಿಗೆ ಹೇಳುತ್ತಿದ್ದಳು. ಕೋಳಿಮೊಟ್ಟೆ ಬೇರೆ, ಆಮೆಯ ಮೊಟ್ಟೆ ಬೇರೆ. ಆಮೆಯ ಮೊಟ್ಟೆಯಲ್ಲಿ ಮರಿ ಮೊದಲ ದಿನವೇ ಸಿಪ್ಪೆಯ ಮೇಲ್ಭಾಗಕ್ಕೆ ಅಂಟಿಕೊಳ್ಳುತ್ತದೆ. ಅಲ್ಲಿಂದಲೇ ಉಸಿರು. ಆಮೇಲೆ ಯಾರಾದರೂ ತಿರುಗಿಸಿದರೆ ತನ್ನದೇ ಹಳದಿಯ ಭಾರದ ಕೆಳಗೆ ಉಸಿರುಗಟ್ಟಿ ಸಾಯುತ್ತದೆ.

ನಾನು ಬಾಗಿಲಲ್ಲಿ ನೆಲ ಒರೆಸುತ್ತಿದ್ದೆ.

ಮಾರ್ಚ್ ೮, ಶನಿವಾರ

ಹೇಳಲಿಲ್ಲ. ಎರಡು ಸಲ ಬಾಯಿ ತೆರೆದೆ. ದೇವರ ಮುಂದೆ ಕೂತರೆ ಅವನೂ ಹನ್ನೊಂದು ಎನ್ನುತ್ತಾನೆ.

ಮಾರ್ಚ್ ೯, ಭಾನುವಾರ

ರಜೆಯಿದ್ದರೂ ಹೋದೆ. ಡಾಕ್ಟರಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಯಾಕಮ್ಮ ಕೇಳಲಿಲ್ಲ ನನ್ನ?"

"ನಿಮಗೆ ಗೊತ್ತಿಲ್ಲ ಅಂದ್ಕೊಂಡೆ."

ಅವಳಿಗೆ ಅಳು ಬಂತೋ ನಗು ಬಂತೋ, ಎರಡೂ ಕಂಡವು. "ಯಾವ ಹನ್ನೊಂದು ಅಂತ ಈಗ ಯಾರಿಗೆ ಗೊತ್ತು? ಒಂದು ಕೊಳೆತರೂ ಬೂಷ್ಟು ಎಲ್ಲಕ್ಕೂ ಹತ್ತುತ್ತೆ."

"ಗೊತ್ತಾಗುತ್ತೆ. ತಿರುಗಿಸಿದ್ದಕ್ಕೆಲ್ಲ ಗೆರೆ ಹಾಕಿದ್ದೀನಿ. ಎಡಗಡೆ ಮೂರು ಸಾಲು."

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ತನಗೆ ಪಾಠ ಹೇಳಿದ ಮೇಷ್ಟರಿಗೆ ಫೋನು ಮಾಡಿದಳು. ಇಟ್ಟ ಹದಿನಾರು ಗಂಟೆಗೆ ತಿರುಗಿಸಿದ್ದರೆ ಆಸೆ ಪೂರ್ತಿ ಬಿಡಬೇಕಿಲ್ಲ, ಕೆಲವು ಅಷ್ಟು ಹೊತ್ತಿಗೆ ಇನ್ನೂ ಅಂಟಿರಲಿಕ್ಕಿಲ್ಲ. ಆದರೆ ವಾಪಸು ತಿರುಗಿಸಬೇಡಿ, ಹೇಗಿವೆಯೋ ಹಾಗೇ ಬೇರೆ ಡಬ್ಬಿಗೆ ಇಡಿ ಎಂದರಂತೆ.

ಡಾಕ್ಟರಮ್ಮ ಎತ್ತಲು ಹೋದಳು. "ನೀವು ಬಿಡಿ, ನಾನಿಡ್ತೀನಿ" ಎಂದೆ. ಹನ್ನೊಂದನ್ನೂ ಒಂದು ಕೂದಲೆಳೆಯಷ್ಟೂ ವಾಲಿಸದೆ ಇಟ್ಟೆ. ಡಬ್ಬಿಯನ್ನು ಪೆಟ್ಟಿಗೆಯ ಕೆಳಗಿನ ಅರೆಯಲ್ಲಿಟ್ಟಳು.

"ನಾಳೆಯಿಂದ ನಾನು ಬರೋದು ಬೇಡವಾ?"

"ಬರದೆ? ಮರಳಿಗೆ ನೀರು ಚಿಮುಕಿಸೋರು ಯಾರು?"

ಮಾರ್ಚ್ ೨೨, ಶನಿವಾರ

ಬರೆಯಲು ಪುರುಸೊತ್ತಿಲ್ಲ. ಆದರೆ ಇವತ್ತಿನದು ಬರೆಯದಿದ್ದರೆ ಎದೆ ಒಡೆದುಹೋದೀತು.

ಕಿಟಕಿ ಮುಚ್ಚಿ, ಸಣ್ಣ ಟಾರ್ಚು ಹಿಡಿದು, ಮೊಟ್ಟೆ ಎತ್ತದೆ ಪಕ್ಕದಿಂದ ಬೆಳಕು ಬಿಟ್ಟು ನೋಡಿದೆವು. ಮೇಲಿನ ಡಬ್ಬಿಯ ಹನ್ನೊಂದರಲ್ಲಿ ಹತ್ತು ಚೆನ್ನಾಗಿವೆ, ಒಂದು ಜೊಳ್ಳು. ಕೆಳಗಿನದಕ್ಕೆ ಬಂದಾಗ ಡಾಕ್ಟರಮ್ಮ, "ಏನೂ ಕಾಣ್ತಿಲ್ಲ ಅಮ್ಮ. ಬೇಜಾರು ಮಾಡ್ಕೋಬೇಡಿ" ಎಂದಳು.

"ಟಾರ್ಚು ಕೊಡಿ ಇಲ್ಲಿ" ಎಂದು ಕಸಿದುಕೊಂಡೆ. ಸಾವಿರಾರು ಮೊಟ್ಟೆ ಬೆಳಕಿಗೆ ಹಿಡಿದ ಕಣ್ಣು ಇದು. ಬೆಳಕನ್ನು ನೇರ ಬಿಡಬಾರದು, ಬೆರಳಿನ ಸಂದಿಯಿಂದ ಸೂಜಿಯಷ್ಟೇ ಬಿಡಬೇಕು. ಹಾಗೆ ಬಿಟ್ಟೆ. ಹಳದಿಯ ನಡುವೆ, ನಮ್ಮವರ ಹೊಲಿಗೆ ಮಷೀನಿನಿಂದ ಕೆಂಪು ದಾರದ ತುಂಡು ಬಿದ್ದ ಹಾಗೆ, ಒಂದು ನರ.

"ನೋಡಿ."

"ಎಲ್ಲಿ?"

"ಅಲ್ಲಿ. ಉಸಿರು ಬಿಗಿಹಿಡಿದು ನೋಡಿ."

ಅವಳಿಗೂ ಕಂಡಿತು. ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು. ಹನ್ನೊಂದರಲ್ಲಿ ಒಂಬತ್ತು ಬದುಕಿವೆ. ಒಂಬತ್ತು! ಕೊಂದವಳು ಎಂದು ಎರಡು ವಾರದಿಂದ ನನ್ನನ್ನೇ ಬೈದುಕೊಂಡಿದ್ದೆ. ಎರಡಕ್ಕೆ ಆ ಮಾತು ನಿಜವೇ. ಅವೆರಡಕ್ಕಾಗಿ ಪ್ರಾರ್ಥಿಸಿದೆ. ಉಳಿದ ಒಂಬತ್ತರ ಸಂತೋಷಕ್ಕೆ ಬರುವ ದಾರಿಯುದ್ದಕ್ಕೂ ಒಬ್ಬಳೇ ನಕ್ಕೆ.

ಏಪ್ರಿಲ್ ೫, ಶನಿವಾರ

ಊಟಕ್ಕೆ ಕೂತಾಗ ಅತ್ತಿಗೆ, "ನಿನ್ನ ಮೊಟ್ಟೆಯೊಳಗಿರೋದು ಗಂಡೋ ಹೆಣ್ಣೋ?" ಎಂದರು. ಎರಡೂ ಹೆಣ್ಣೇ ಹೆತ್ತವಳು ಎಂದು ಇಪ್ಪತ್ತೆಂಟು ವರ್ಷ ಚುಚ್ಚಿದ ಬಾಯಿ ಅದು.

"ನಾವು ಇಟ್ಟ ಹಾಗೆ ಅತ್ತಿಗೆ" ಎಂದೆ. "ಈ ಜಾತಿ ಆಮೆಯಲ್ಲಿ ಅದನ್ನು ತೀರ್ಮಾನಿಸೋದು ಕಾವು. ಬೆಚ್ಚಗಿಟ್ರೆ ಹೆಣ್ಣು, ತಂಪಾಗಿಟ್ರೆ ಗಂಡು. ಮೇಲಿನ ಡಬ್ಬೀನ ಡಾಕ್ಟರಮ್ಮ ಬೇಕೂಂತಲೇ ಬೆಚ್ಚಗಿಟ್ಟಿದ್ದಾಳೆ."

"ಬೇಕೂಂತ ಹೆಣ್ಣಾ?"

"ಹೆಣ್ಣಿಲ್ಲದೆ ಮೊಟ್ಟೆ ಯಾರಿಡ್ತಾರೆ? ಕೆಳಗಿನ ಅರೆ ಸ್ವಲ್ಪ ತಂಪು, ಅಲ್ಲಿ ಗಂಡಾಗ್ಬಹುದು. ಒಂದಷ್ಟು ಅವೂ ಇರ್ಲಿ ಪಾಪ, ಅಂದ್ಳು."

ನಮ್ಮವರಿಗೆ ನಕ್ಕು ನಕ್ಕು ನೆತ್ತಿಗೇರಿತು. ಅತ್ತಿಗೆ ನೀರು ಕೊಡುತ್ತಾ, "ಹಂಗಾದ್ರೆ ತಾಯಿ ತಪ್ಪೇನೂ ಇಲ್ಲ ಅನ್ನು" ಎಂದರು. "ಆಮೆಯಲ್ಲೂ ಇಲ್ಲ, ಮನುಷ್ಯರಲ್ಲೂ ಇಲ್ಲ" ಎಂದೆ. ಅವರು ಇನ್ನೂ ಏನೋ ಹೇಳಿದರು. ನಾನು ಆಗಲೇ ಕೈ ತೊಳೆಯಲು ಎದ್ದಿದ್ದೆ.

ಇನ್ನೊಂದು ಸಂಗತಿ ಬೇಕೆಂದೇ ಹೇಳಿದೆ. ಚಳಿಯ ನಾಡಿನ ಕೆಲವು ಆಮೆಗಳು ಹೆಪ್ಪುಗಟ್ಟಿದ ಕೆರೆಯ ತಳದಲ್ಲಿ ಮಲಗಿ, ಹಿಂದಿನ ದ್ವಾರದಿಂದಲೇ ನೀರಿನ ಉಸಿರೆಳೆದುಕೊಳ್ಳುತ್ತವಂತೆ. ಅತ್ತಿಗೆ ಕಿವಿ ಮುಚ್ಚಿಕೊಂಡರು. ಸಂಜೆ ತರಕಾರಿಯವಳಿಗೆ ಅದನ್ನೇ ಪಿಸುಗುಟ್ಟುತ್ತಿದ್ದರು.

ಏಪ್ರಿಲ್ ೧೭, ಗುರುವಾರ

ಕೆಳಗಿನ ಡಬ್ಬಿಯಲ್ಲಿ ಕೆಡಲು ಶುರುವಾದ ಎರಡನ್ನು ವಾಸನೆಯಿಂದಲೇ ಹಿಡಿದು ಹೋದ ವಾರ ತೆಗೆದೆ. ಉಳಿದ ಒಂಬತ್ತು ಶುದ್ಧವಾಗಿವೆ.

ಇವತ್ತು ಮೇಲಧಿಕಾರಿಯೊಬ್ಬರು ಬಂದಿದ್ದರು. ಮಾತಾಡುತ್ತ ಮಾತಾಡುತ್ತ ಕಾವು ಪೆಟ್ಟಿಗೆಯೊಳಗೆ ಕೈ ಹಾಕಿ ಒಂದು ಮೊಟ್ಟೆ ಹಿಡಿದರು. ಡಾಕ್ಟರಮ್ಮ ಬಾಯಿ ತೆರೆಯುವ ಮೊದಲೇ "ಕೈ ತೆಗೀರಿ ಸಾರ್" ಎಂದಿದ್ದೆ. ಅವರು ತೆಗೆದರು. "ಇವರು ಯಾರು?" ಎಂದು ಕೇಳಿದರು. "ಮೊಟ್ಟೆಗಳ ಉಸ್ತುವಾರಿ ಇವರದ್ದೇ ಸಾರ್" ಎಂದಳು ಡಾಕ್ಟರಮ್ಮ. ಅಧಿಕಾರಿಯ ಮಾತು ಮುಗಿಯಲು ಒಂದು ಗಂಟೆ ಹಿಡಿಯಿತು. ಕುರ್ಚಿಯಲ್ಲಿ ಕೂತು ಕೂತು ನನಗೆ ಬೆನ್ನು ನೋವು.

ಮೇ ೪, ಭಾನುವಾರ

ಅರವತ್ತೊಂದನೆಯ ದಿನ. ಮೇಲಿನ ಡಬ್ಬಿಯಲ್ಲಿ ಒಂದು ಮೊಟ್ಟೆಗೆ ಬಿರುಕು! ಮರಿಯ ಮೂತಿಯ ತುದಿಯಲ್ಲಿ ಸಾಸಿವೆಯಷ್ಟು ಚೂಪಾದ ಮೊಳೆ. ಸಿಪ್ಪೆ ಸೀಳಲೆಂದೇ ದೇವರು ಕೊಟ್ಟದ್ದು, ಆಮೇಲೆ ತಾನೇ ಉದುರಿಹೋಗುತ್ತದಂತೆ. ಸೀಳಿ, ಮೂಗು ಹೊರಗಿಟ್ಟು, ಹಾಗೇ ಮಲಗಿಬಿಟ್ಟಿತು. ಸಿಪ್ಪೆ ಬಿಡಿಸಲು ನನ್ನ ಬೆರಳು ತುರಿಸುತ್ತಿದ್ದವು. ಬಿಡಿಸಬಾರದು. ಹೊಟ್ಟೆಗೆ ಅಂಟಿದ ಹಳದಿ ಒಳಗೆ ಇಂಗುವ ತನಕ ಒಂದು ದಿನ, ಎರಡು ದಿನ ಅಲ್ಲೇ ಇರಬೇಕು. ಕೈಗಳ ಮೇಲೆ ಕೂತುಕೊಂಡೆ. ನಿಜವಾಗಿಯೂ ಕೂತುಕೊಂಡೆ.

ಮಧ್ಯಾಹ್ನದ ಹೊತ್ತಿಗೆ ನಾಲ್ಕು ಬಿರುಕು. ಕೆಳಗಿನ ಡಬ್ಬಿಯಲ್ಲಿ ಸದ್ದೇ ಇಲ್ಲ. ತಂಪಿನಲ್ಲಿದ್ದವು ನಿಧಾನ, ಇನ್ನೂ ಎರಡು ವಾರ ಹಿಡಿಯಬಹುದು ಎಂದಳು ಡಾಕ್ಟರಮ್ಮ. ದನಿ ತಗ್ಗಿಸಿ ಇನ್ನೊಂದು ಹೇಳಿದಳು. ಬೆಳಕಿಗೆ ಈಗ ಕಪ್ಪು ಮುದ್ದೆ ಮಾತ್ರ ಕಾಣುತ್ತದೆ, ಅಲುಗಾಟವಿಲ್ಲ. ತಲೆಕೆಳಗಾದ ಮರಿ ಕೊನೆಯ ಹಂತದಲ್ಲಿ ಸೋಲುವುದೂ ಉಂಟು.

ಆಗ ನನಗೆ ತೋಚಿತು. "ಆ ಡಬ್ಬೀನ ಮೇಲೆ ತಂದು ಇದಕ್ಕೆ ತಾಗಿಸಿ ಇಡೋಣ."

"ಯಾಕೆ?"

"ಕೋಳಿಮರಿ ಮೊಟ್ಟೆಯೊಳಗಿಂದಲೇ ಕೂಗುತ್ತೆ ಡಾಕ್ಟ್ರೇ. ಒಂದು ಕೂಗಿದ್ದಕ್ಕೆ ಇನ್ನೊಂದು ಏಳುತ್ತೆ. ಹಿಂದೆ ಬಿದ್ದದ್ದು ಓಡಿಬಂದು ಸೇರ್ಕೊಳ್ಳುತ್ತೆ. ಇವನ್ನ ನಾವು ಒಂಟಿ ಮಾಡಿಟ್ಟಿದ್ದೀವಿ."

"ಆಮೆ ಕೋಳಿಯಲ್ಲ ಅಮ್ಮ" ಎಂದಳು. ಅಂದವಳು ಅಲ್ಲೇ ನಿಂತಳು. ಕೆಲವು ಆಮೆಗಳಲ್ಲೂ ಹಾಗೇ ಎಂದು ಓದಿದ ನೆನಪಂತೆ. ಒಂದೇ ಗೂಡಿನ ಮೊಟ್ಟೆಗಳು ಒಂದರ ಅಲುಗಾಟ ಇನ್ನೊಂದಕ್ಕೆ ತಿಳಿದು, ಹಿಂದಿನವು ಬೇಗ ಬೆಳೆದು, ಒಟ್ಟಿಗೆ ಹೊರಬರುತ್ತವಂತೆ. ಆದರೂ ತಲೆಯಾಡಿಸಿದಳು. "ಬೇಡ. ಅದರಲ್ಲಿ ಕೊಳೆತದ್ದೇನಾದರೂ ಇದ್ದರೆ ಈ ಹತ್ತೂ ಹೋಗುತ್ತೆ."

"ಕೊಳೆತಿಲ್ಲ. ನನ್ನ ಮೂಗು ಹೇಳ್ತಿದೆ."

"ಮೂಗನ್ನ ನಂಬಿ ಹತ್ತು ಮರಿ ಪಣಕ್ಕಿಡೋಕೆ ಆಗಲ್ಲ ಅಮ್ಮ."

"ಆ ಒಂಬತ್ತನ್ನ ಕೊಲ್ಲೋಕೆ ಹೊರಟವಳು ನಾನು. ಬದುಕಿಸೋಕೂ ನನಗೆ ಬಿಡಿ. ಮೊದಲ ಸಲ ಕೇಳದೆ ಮಾಡಿದೆ. ಈಗ ಕೇಳಿ ಮಾಡ್ತಿದ್ದೀನಿ."

ಅವಳು ಬಗ್ಗಿ ಡಬ್ಬಿಯನ್ನು ತಾನೇ ಮೂಸಿದಳು. ಒಂದೊಂದಾಗಿ ಒಂಬತ್ತನ್ನೂ ಮೂಸಿದಳು. "ಇಡಿ" ಎಂದಳು.

ಮೇ ೫, ಸೋಮವಾರ

ಮೇಲಿನವು ಆರು ಹೊರಗೆ. ಹೆಬ್ಬೆರಳಿನ ಗಾತ್ರ. ನಮ್ಮ ಒಂಬತ್ತು ಅಲುಗಿಲ್ಲ.

ಮೇ ೬, ಮಂಗಳವಾರ

ಹತ್ತಕ್ಕೆ ಹತ್ತೂ ಬಂದವು. ಡಾಕ್ಟರಮ್ಮ ಸಿಹಿ ತಂದಳು. ನಾನು ಬಾಯಿಗೆ ಹಾಕಲಿಲ್ಲ. ಇನ್ನೂ ಒಂಬತ್ತಿವೆ. ಸಂಜೆ ಡಬ್ಬಿಗೆ ಕಿವಿಯಿಟ್ಟೆ. ಗೋಡೆಯಾಚೆ ಯಾರೋ ಉಗುರಿನಿಂದ ಕೆರೆದ ಹಾಗೆ. ಒಮ್ಮೆ. ಮತ್ತೆ ಒಮ್ಮೆ.

ಡಾಕ್ಟರಮ್ಮನನ್ನು ಕರೆದೆ. ಇಬ್ಬರೂ ತಲೆಗೆ ತಲೆ ತಾಗಿಸಿ ಬಗ್ಗಿದೆವು. "ಏನೂ ಕೇಳಿಸ್ತಿಲ್ಲ" ಎಂದಳು. "ಮಾತಾಡಿದ್ರೆ ಹೆಂಗೆ ಕೇಳಿಸುತ್ತೆ?" ಎಂದೆ.

ಮೇ ೮, ಗುರುವಾರ

ಐದು! ತಲೆಕೆಳಗಾಗಿದ್ದವು ಐದು! ಮೊದಲನೆಯದು ಹೊರಬಂದಾಗ ದೇವರ ಹೆಸರು ಹೇಳಬೇಕೆಂದಿದ್ದೆ. ಬಾಯಿಂದ "ಬಂದ್ಯಾ ಕಳ್ಳ!" ಎಂದು ಬಂತು. ದೇವರಿಗೆ ಅರ್ಥವಾಗಿರುತ್ತದೆ.

ಮೇಷ್ಟರು ಫೋನಿನಲ್ಲಿ, ಡಬ್ಬಿ ಕೂಡಿಸುವ ಯೋಚನೆ ಯಾರದು ಎಂದು ಕೇಳಿದರಂತೆ. ಡಾಕ್ಟರಮ್ಮ ಫೋನು ನನ್ನ ಕೈಗೇ ಕೊಟ್ಟಳು. ಅವರು ಒಂದೊಂದೇ ಕೇಳಿದರು, ನಾನು ಒಂದೊಂದೇ ಹೇಳಿದೆ. ಟಾರ್ಚಿನ ಬೆಳಕನ್ನು ಬೆರಳ ಸಂದಿಯಿಂದ ಬಿಡುವುದನ್ನು ಅವರು ಎರಡು ಸಲ ಹೇಳಿಸಿಕೊಂಡು ಬರೆದುಕೊಂಡರು. ಪೆನ್ನಿನ ಸದ್ದು ಫೋನಿನಲ್ಲೇ ಕೇಳುತ್ತಿತ್ತು.

ಮೇ ೯, ಶುಕ್ರವಾರ

ಎಂಟು. ಒಂದು ಉಳಿದಿದೆ.

ಮೇ ೧೧, ಭಾನುವಾರ

ನಿನ್ನೆ ಡಾಕ್ಟರಮ್ಮ, ಕೊನೆಯದು ಹೋಗಿದೆ, ಕತ್ತರಿಸಿ ನೋಡಿ ಬರೆದಿಡಬೇಕು ಎಂದಳು. ನಾಳೆ ಮಧ್ಯಾಹ್ನದ ತನಕ ಮುಟ್ಟಬೇಡಿ ಎಂದೆ. ಅವಳು ಕತ್ತರಿಯನ್ನು ಡ್ರಾಯರಿನಲ್ಲಿಟ್ಟಳು.

ಇವತ್ತು ಬೆಳಿಗ್ಗೆ ಆಸ್ಪತ್ರೆಯಲ್ಲಿ ನಾನೊಬ್ಬಳೇ. ತೊಟ್ಟಿಯಲ್ಲಿ ದೊಡ್ಡಮ್ಮ ತಂತಿ ಬಿಚ್ಚಿಸಿಕೊಂಡು ಆರಾಮಾಗಿ ಈಜುತ್ತಿದ್ದಳು. ನೀರು ಬದಲಿಸಿ, ಹದಿನೆಂಟು ಮರಿಗಳನ್ನು ಎಣಿಸಿ, ಪೆಟ್ಟಿಗೆ ತೆಗೆದೆ. ಮೊಟ್ಟೆ ಹಾಗೇ ಇತ್ತು. ಮುಖ ಹತ್ತಿರ ತಂದು ನೋಡಿದರೆ ಅದರ ಮೇಲ್ಭಾಗದಲ್ಲಲ್ಲ, ಕೆಳಗೆ ಮರಳಿಗೆ ತಾಗಿದ ಕಡೆ ಒಂದು ಸೀಳು. ಸೀಳಿನಿಂದ ಒಂದು ಕಾಲು ಹೊರಗೆ ಬಂದು ಮರಳನ್ನು ತಳ್ಳುತ್ತಿತ್ತು. ಮೇಲೆ ಕಾಯುತ್ತಾ ಕೂತಿದ್ದವರಿಗೆ ಹೇಗೆ ಕಂಡೀತು? ಕೆಳಗಿನಿಂದ ದಾರಿ ಮಾಡಿಕೊಂಡಿತ್ತು ಅದು!

ನೋಡನೋಡುತ್ತಿದ್ದಂತೆ ಸಿಪ್ಪೆ ವಾಲಿತು. ತಲೆ ಬಂತು, ಮೂತಿಯ ತುಂಬ ಮರಳು. ಕಣ್ಣು ಬಿಟ್ಟು ನನ್ನನ್ನೇ ನೋಡಿತು.

ಡಾಕ್ಟರಮ್ಮನಿಗೆ ಫೋನು ಮಾಡಬೇಕಿತ್ತು, ನೆನಪಾಗಲಿಲ್ಲ. ಬಾಗಿಲು ತೆಗೆದು ಗೇಟಿನ ತನಕ ಓಡಿದೆ, ಚಪ್ಪಲಿ ಇಲ್ಲದೆ. "ಬಂತು! ಬಂತು!" ಎಂದು ಕೂಗಿದೆ. ರಸ್ತೆಯ ಆಚೆ ಬದಿಯ ಅಂಗಡಿಯವನು ಎದ್ದು ನಿಂತ. ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿದರು. ಸೈಕಲಿನ ಮೇಲೆ ಹೋಗುತ್ತಿದ್ದ ಮುದುಕರೊಬ್ಬರು ಕಾಲೂರಿ, "ಯಾರು ಬಂದ್ರಮ್ಮ?" ಎಂದು ಕೇಳಿದರು.

"ಹತ್ತೊಂಬತ್ತನೇದು!" ಎಂದೆ.

ಅವರಿಗೆ ಏನೂ ಅರ್ಥವಾಗಲಿಲ್ಲ. ನನ್ನ ಮುಖವನ್ನು ಒಂದು ಗಳಿಗೆ ನೋಡಿದರು, ನಕ್ಕರು, ಮತ್ತೆ ಸೈಕಲು ಹತ್ತಿ ರಸ್ತೆಯ ತಿರುವಿನ ತನಕ ಬೆಲ್ಲು ಬಾರಿಸಿಕೊಂಡೇ ಹೋದರು.